ಹೊಲದಲ್ಲಿ ಫ್ರಾಂಕರ ಚಿನ್ನದ ನಾಣ್ಯ ಸಿಕ್ಕರೆ ಏನು ಮಾಡಬೇಕು?

ಇಂಗ್ಲೆಂಡಿನ ನಾರ್ಫೋಕ್, ಸಫೋಕ್, ಕೆಂಟ್ ಕಡೆಯ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ತಿರುಗುವವರಿಗೆ ಅಪರೂಪಕ್ಕೊಮ್ಮೆ ಪುಟ್ಟ ಚಿನ್ನದ ಬಿಲ್ಲೆಯೊಂದು ಸಿಗುತ್ತದೆ. ಅಡ್ಡಳತೆ 11ರಿಂದ 14 ಮಿಲಿಮೀಟರ್, ತೂಕ 1.3 ಗ್ರಾಂ ಆಸುಪಾಸು. ವಿಜಯನಗರದ ಅರ್ಧ ವರಹ ನೋಡಿದವರಿಗೆ ಅಂದಾಜು ಹತ್ತೀತು: ಅದಕ್ಕಿಂತ ಸ್ವಲ್ಪ ಹಗುರ, ಸ್ವಲ್ಪ ತೆಳು. ಒಂದು ಮುಖದಲ್ಲಿ ಮುತ್ತಿನ ಪಟ್ಟಿ ಕಟ್ಟಿದ ತಲೆ, ಇನ್ನೊಂದರಲ್ಲಿ ಶಿಲುಬೆ, ಸುತ್ತಲೂ ಅರ್ಧ ಓದಿಸಿಕೊಂಡು ಅರ್ಧ ಸತಾಯಿಸುವ ಅಕ್ಷರಗಳು. ಇದರ ಹೆಸರು ಟ್ರೆಮಿಸ್ಸಿಸ್. ರೋಮನ್ನರ ಸಾಲಿಡಸ್ ಎಂಬ ಚಿನ್ನದ ನಾಣ್ಯದ ಮೂರನೇ ಒಂದು ಪಾಲು. ಈಗಿನ ಫ್ರಾನ್ಸ್, ಬೆಲ್ಜಿಯಂ, ರೈನ್ ನದಿಯ ಬಯಲು ಇವನ್ನೆಲ್ಲ ಆಳುತ್ತಿದ್ದ ಮೆರೊವಿಂಜಿಯನ್ ವಂಶದ ಫ್ರಾಂಕ್ ದೊರೆಗಳ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 500ರಿಂದ 675ರವರೆಗೆ, ಇದು ಅಚ್ಚಾಗುತ್ತಿತ್ತು.

ಬ್ರಿಟನ್ನಿನಲ್ಲಿ ನೆಲೆಸಿ, ವಾರಾಂತ್ಯಕ್ಕೆ ಈ ಹವ್ಯಾಸ ಹಚ್ಚಿಕೊಂಡ ಕನ್ನಡಿಗರಿಗಾಗಿ ಈ ಬರಹ. ಇಲ್ಲಿ ಹೇಳುವ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸಿನದು. ಸ್ಕಾಟ್ಲೆಂಡಿನ ಪದ್ಧತಿ ಬೇರೆ. ಫ್ರಾನ್ಸಿನಲ್ಲಂತೂ ಸರ್ಕಾರದ ಅಪ್ಪಣೆಯಿಲ್ಲದೆ ಹಳೆಯ ವಸ್ತು ಹುಡುಕಲು ಡಿಟೆಕ್ಟರ್ ಹಿಡಿಯುವುದೇ ಅಪರಾಧ. ಫ್ರಾಂಕರ ನಾಡೇ ಅದು, ಅಲ್ಲಿ ಇನ್ನೂ ಹೆಚ್ಚು ಸಿಗಬಹುದು ಎಂದು ಯಂತ್ರವನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಇಂಗ್ಲಿಷ್ ಕಡಲ್ಗಾಲುವೆ ದಾಟಬೇಡಿ. ಊರಲ್ಲಿರುವವರಿಗೂ ಒಂದು ಮಾತು: ಭಾರತದಲ್ಲಿ 1878ರ ನಿಧಿ ಕಾಯ್ದೆ ಇದೆ, ನೆಲದಲ್ಲಿ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಿಧಿ ಅಂದರೆ ನಮ್ಮ ಕಡೆ ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಕುಂಕುಮ, ಪಾಳುಗುಡಿಯ ಗರ್ಭಗುಡಿಗೆ ಹಾರೆ ಹಾಕುವುದು ಎಂದಾಗಿಬಿಟ್ಟಿದೆ. ಈ ಲೇಖನ ಆ ಕಸುಬಿಗಲ್ಲ.

ಇಷ್ಟು ಚಿಕ್ಕ ಬಿಲ್ಲೆಗೆ ಇಷ್ಟೊಂದು ವಿಧಿವಿಧಾನ ಯಾಕೆ ಎಂದರೆ, ತಾನು ಎಲ್ಲಿ ಹುಟ್ಟಿದೆ, ಯಾರ ಕೈಯಲ್ಲಿ ಅಚ್ಚಾಗಿದೆ ಎಂಬುದನ್ನು ನಾಣ್ಯವೇ ತನ್ನ ಮೈಮೇಲೆ ಬರೆದುಕೊಂಡಿದೆ. ಅದು ಎಲ್ಲಿ ಬಿದ್ದಿತ್ತು ಎಂಬುದನ್ನು ಮಾತ್ರ ಅಗೆದವರೇ ಹೇಳಬೇಕು. ಅವರು ಹೇಳದಿದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಅನುಮತಿ, ಅದೂ ಬರಹದಲ್ಲಿ

ಯಾರ ಜಮೀನೋ ಅವರ ಒಪ್ಪಿಗೆ ಬೇಕು. ಇಂಗ್ಲೆಂಡಿನಲ್ಲಿ ಉಳುವವನೇ ಮಾಲೀಕನಾಗಿರಬೇಕೆಂದೇನೂ ಇಲ್ಲ. ಎಷ್ಟೋ ಹೊಲಗಳು ಗೇಣಿಗೆ ಹೋಗಿರುತ್ತವೆ. ಗೇಣಿದಾರ "ಹೋಗಪ್ಪಾ, ಹುಡುಕ್ಕೋ" ಅಂದ ಮಾತ್ರಕ್ಕೆ ಸಾಲದು, ಮಾಲೀಕರೂ ಒಪ್ಪಬೇಕು, ಇಬ್ಬರದೂ ಸಹಿ ಇದ್ದರೆ ಇನ್ನೂ ಒಳ್ಳೆಯದು. ಆ ಕಾಗದದಲ್ಲೇ ಸಿಕ್ಕಿದ್ದನ್ನು ಹೇಗೆ ಹಂಚಿಕೊಳ್ಳುವುದು ಎಂದು ಬರೆಸಿಕೊಳ್ಳಿ. ಅರ್ಧರ್ಧ ಎಂಬುದು ವಾಡಿಕೆ. ಚಿನ್ನ ಕಣ್ಣಿಗೆ ಬಿದ್ದ ಮೇಲೆ ಈ ಮಾತುಕತೆಗೆ ಕೂತರೆ ಸ್ನೇಹವೂ ಉಳಿಯುವುದಿಲ್ಲ, ಹೊಲವೂ ಉಳಿಯುವುದಿಲ್ಲ.

ಸರ್ಕಾರ ರಕ್ಷಿತ ಸ್ಮಾರಕವೆಂದು ಘೋಷಿಸಿದ ಜಾಗದಲ್ಲಿ ಮಾಲೀಕರು ಒಪ್ಪಿದರೂ ಡಿಟೆಕ್ಟರ್ ಹಿಡಿಯುವಂತಿಲ್ಲ. 1979ರ ಕಾಯ್ದೆಯ ಪ್ರಕಾರ ಬೇರೆಯೇ ಅಪ್ಪಣೆ ಬೇಕು. ನೋಡಲು ಬರೀ ಹಸಿರು ಹುಲ್ಲುಗಾವಲಿನಂತಿದ್ದರೂ ನಕ್ಷೆಯಲ್ಲಿ ಗುರುತಾಗಿರಬಹುದು, ಆದ್ದರಿಂದ ಹೋಗುವ ಮುಂಚೆ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಪಟ್ಟಿಯನ್ನೊಮ್ಮೆ ನೋಡಿಕೊಳ್ಳಿ. ನ್ಯಾಷನಲ್ ಕೌನ್ಸಿಲ್ ಫಾರ್ ಮೆಟಲ್ ಡಿಟೆಕ್ಟಿಂಗ್‌ನ ಸದಸ್ಯರಾದರೆ ಹೊಲದಲ್ಲಿ ಯಾರಿಗಾದರೂ ಏನಾದರೂ ಹಾನಿಯಾದಾಗ ಆಸರೆಯಾಗುವ ವಿಮೆಯೂ ಸಿಗುತ್ತದೆ. ರೈತರು ಮೊದಲು ಕೇಳುವುದೇ ಅದನ್ನು.

ಸದ್ದು ಕೇಳಿಸಿಕೊಳ್ಳುವುದು

ಚಿನ್ನವೆಂದರೆ ಯಂತ್ರ ಜೋರಾಗಿ ಕೂಗಿಕೊಳ್ಳುತ್ತದೆ ಎಂದು ಹೊಸಬರು ನಂಬಿರುತ್ತಾರೆ. ದೊಡ್ಡ ಬೆಳ್ಳಿ ನಾಣ್ಯಕ್ಕೆ ಅದು ನಿಜ. ಒಂದೂಕಾಲು ಗ್ರಾಂನ ತೆಳು ಚಿನ್ನ ಕೊಡುವ ಸಂಕೇತ ಮಾತ್ರ ಅಳುಕುವ, ಮಧ್ಯಮಕ್ಕಿಂತ ಕೆಳಗಿನ ಸ್ವರ. ಚಾಕೊಲೇಟಿನ ಹಾಳೆ, ಡಬ್ಬಿಯ ಕಿತ್ತ ರಿಂಗು, ಸೀಸದ ಚೂರು ಎಲ್ಲವೂ ಅದೇ ಸ್ವರದಲ್ಲಿ ಮಾತಾಡುತ್ತವೆ. ಕಸ ಅಗೆದು ಸಾಕಾಯಿತು ಎಂದು ಆ ಸ್ವರ ಕೇಳಿಸದಂತೆ ಯಂತ್ರವನ್ನು ಹೊಂದಿಸಿಟ್ಟರೆ ಟ್ರೆಮಿಸ್ಸಿಸ್ ಕೂಡ ಕಾಲಡಿಯೇ ಉಳಿದುಹೋಗುತ್ತದೆ. ಕಬ್ಬಿಣವನ್ನು ಬಿಟ್ಟು ಉಳಿದ ಎಲ್ಲಕ್ಕೂ ಕಿವಿ ಕೊಡುವುದು ಕ್ಷೇಮ. ಯಂತ್ರದ ತುದಿಯ ಬಳೆಯನ್ನು (ಕಾಯಿಲ್) ನೆಲಕ್ಕೆ ಹತ್ತಿರ ಹಿಡಿದು, ನಿಧಾನ ಬೀಸಿ, ಒಂದು ಬೀಸಿನ ಮೇಲೆ ಇನ್ನೊಂದು ಅರ್ಧ ಬೀಳುವಂತೆ ನಡೆಯಿರಿ. ಮಳೆ ಬಿದ್ದು ನೆಲ ತೇವವಾಗಿ ಒಂದೆರಡು ದಿನ ಕಳೆದ ಉತ್ತ ಹೊಲ ಎಲ್ಲಕ್ಕಿಂತ ಒಳ್ಳೆಯದು.

ಉತ್ತ ಮಣ್ಣಿನ ಪದರ ಎಷ್ಟಿದೆಯೋ ಅಷ್ಟೇ ನಿಮ್ಮ ಪಾಲು. ಅದರ ಕೆಳಗೆ ನೇಗಿಲು ಮುಟ್ಟದ, ಬಣ್ಣ ಬೇರೆಯಾದ ಗಟ್ಟಿ ನೆಲ ಸಿಕ್ಕಿತೋ, ಅಲ್ಲಿಗೆ ಸಲಿಕೆ ನಿಲ್ಲಬೇಕು. ಒಂದೇ ಗುಂಡಿಯಲ್ಲಿ ಎರಡು ಮೂರು ನಾಣ್ಯ ಒತ್ತಾಗಿ ಕಂಡರೂ, ಮೂಳೆ ಕಂಡರೂ ಅಷ್ಟೇ. ಗುಂಡಿಯನ್ನು ಮೆಲ್ಲಗೆ ಮುಚ್ಚಿ, ಗುರುತಿಟ್ಟು, ಫೋನ್ ಮಾಡಿ (ಯಾರಿಗೆ ಎಂಬುದು ಮುಂದೆ ಬರುತ್ತದೆ). ಮೂಳೆ ಮನುಷ್ಯರದೆಂಬ ಅನುಮಾನ ಬಂದರೆ ಪೊಲೀಸರಿಗೂ ಹೇಳಬೇಕು. ಇನ್ನೊಂದು ಗೇಣು ಅಗೆದು ನೋಡೋಣ ಎಂಬ ಆಸೆ ಎಂಥವರಿಗೂ ಬರುತ್ತದೆ. ನಾಣ್ಯಗಳನ್ನು ಹೂತದ್ದು ಚೀಲದಲ್ಲೋ, ಮಡಕೆಯಲ್ಲೋ, ಸಮಾಧಿಯಲ್ಲೋ ಎಂಬುದು ಗೊತ್ತಾಗುವುದು ಆ ಒಂದು ಗೇಣಿನಲ್ಲೇ.

ಜಾಗ ಬರೆದುಕೊಳ್ಳುವುದು

ನಾಣ್ಯವನ್ನು ಅಂಗೈಯಲ್ಲಿಟ್ಟು ಫೋಟೊ ಹೊಡೆದು ಗೆಳೆಯರಿಗೆ ಕಳಿಸುವ ಮುಂಚೆ ನಿಂತ ಜಾಗದ ಗ್ರಿಡ್ ಸಂಖ್ಯೆ ಬರೆದುಕೊಳ್ಳಿ. ಬ್ರಿಟನ್ನಿನ ನಕ್ಷೆ ಪದ್ಧತಿಯಲ್ಲಿ ಎರಡು ಅಕ್ಷರದ ಮುಂದೆ ಅಂಕಿಗಳು ಬರುತ್ತವೆ. ಎಂಟು ಅಂಕಿ ಇದ್ದರೆ ಹತ್ತು ಮೀಟರ್ ಚೌಕ, ಹತ್ತು ಅಂಕಿ ಇದ್ದರೆ ಒಂದು ಮೀಟರ್ ಚೌಕ. ಫೋನಿನಲ್ಲಿ ಇದಕ್ಕೆಂದೇ ಆ್ಯಪ್‌ಗಳಿವೆ. ಹತ್ತು ಅಂಕಿಯನ್ನೇ ಬರೆದುಕೊಳ್ಳಿ, ಜೊತೆಗೆ ದಿನಾಂಕ, ಆಳ, ಹೊಲದ ಸ್ಥಿತಿ, ಅಕ್ಕಪಕ್ಕ ಇನ್ನೇನು ಸಿಕ್ಕಿತು ಎಂಬುದನ್ನೂ. ಜಿಪ್ ಇರುವ ಚಿಕ್ಕ ಪ್ಲಾಸ್ಟಿಕ್ ಚೀಲದ ಮೇಲೆ ಪೆನ್ನಿನಲ್ಲಿ ಬರೆದು ನಾಣ್ಯ ಅದರೊಳಗಿಟ್ಟರೆ, ಸಂಜೆ ಮನೆಗೆ ಹೋದಾಗ "ಇದು ಬೇಲಿ ಪಕ್ಕದ್ದೋ, ಓಕ್ ಮರದ ಹತ್ತಿರದ್ದೋ" ಎಂಬ ತಕರಾರು ಇರುವುದಿಲ್ಲ.

ಇದರಿಂದ ಏನಾಗುತ್ತದೆ ಎನ್ನುವವರಿಗೆ ಸಫೋಕ್‌ನ ರೆಂಡಲ್‌ಶಾಮ್ ಕಥೆ ಹೇಳಬೇಕು. ಅಲ್ಲಿ ಈಸ್ಟ್ ಆಂಗ್ಲಿಯಾ ರಾಜರ ಬಿಡಾರವಿತ್ತು ಎಂದು ಎಂಟನೇ ಶತಮಾನದ ಪಾದ್ರಿ ಬೀಡ್ ಬರೆದಿದ್ದ. ಬಿಡಾರ ಯಾವ ಹೊಲದಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಹೊತ್ತು ಕದ್ದು ಅಗೆಯುವವರ ಕಾಟ ತಾಳಲಾರದೆ ಜಮೀನಿನವರು ದೂರು ಕೊಟ್ಟರು. ಅದರ ಬೆನ್ನಿಗೆ 2008ರಿಂದ, ಅನುಭವಿ ಡಿಟೆಕ್ಟರ್ ಹವ್ಯಾಸಿಗಳನ್ನೇ ಜೊತೆಗಿಟ್ಟುಕೊಂಡು ಜಿಲ್ಲೆಯ ಪುರಾತತ್ವ ವಿಭಾಗ ಹೊಲಗಳನ್ನು ಅಂಗುಲ ಅಂಗುಲ ಜಾಲಾಡಿತು. ಸಿಕ್ಕ ಒಂದೊಂದು ಚೂರನ್ನೂ ನಕ್ಷೆಯಲ್ಲಿ ಚುಕ್ಕಿಯಾಗಿ ಇಟ್ಟರು. ಫ್ರಾಂಕರ ಟ್ರೆಮಿಸ್ಸಿಸ್‌ಗಳು, ಅಕ್ಕಸಾಲಿಯ ಕೆಲಸದಲ್ಲಿ ಉದುರಿದ ಲೋಹದ ಹನಿಗಳು, ತೂಕದ ಬಟ್ಟುಗಳು. ಚುಕ್ಕಿಗಳು ದಟ್ಟವಾದ ಕಡೆಯೇ ರಾಜರ ಬಿಡಾರವಿತ್ತು. ಮುಂದೆ ಉತ್ಖನನ ನಡೆದಾಗ ದೊಡ್ಡ ಮರದ ಸಭಾಂಗಣದ ಕುರುಹುಗಳೂ ಹೊರಬಂದವು. ಬಿಡಿಬಿಡಿಯಾಗಿ ನೋಡಿದರೆ ಆ ವಸ್ತುಗಳಲ್ಲಿ ಬಹುಪಾಲು ಮೂರು ಕಾಸಿನವು.

ತೊಳೆಯಬೇಡಿ

ಚಿನ್ನಕ್ಕೆ ತುಕ್ಕಿಲ್ಲ, ಸರಿ. ಆದರೆ ಚಿನ್ನ ಮೆತ್ತಗಿನ ಲೋಹ, ಮಣ್ಣಿನಲ್ಲಿ ಮರಳಿದೆ. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಸಾಕು, ಹದಿನಾಲ್ಕು ಶತಮಾನ ಉಳಿದ ಮೂಗು ಸವೆದು ಗೀಚು ಬೀಳುತ್ತದೆ. ಹಲ್ಲುಜ್ಜುವ ಬ್ರಷ್ಷು, ಹುಣಸೆಹಣ್ಣು, ಸೋಡಾಪುಡಿ, ಅಕ್ಕಸಾಲಿಗರ ಪಾಲಿಶ್ ಯಾವುದೂ ಬೇಡ. ಮಣ್ಣು ತಾನಾಗಿ ಉದುರಿದಷ್ಟು ಉದುರಲಿ, ಉಳಿದದ್ದು ಮ್ಯೂಸಿಯಂನವರ ಕೆಲಸ. ಬಾಗಿದ್ದರೆ ನೆಟ್ಟಗೆ ಮಾಡಲು ಹೋಗಬೇಡಿ, ಮುರಿಯುತ್ತದೆ.

ಓದುವುದು

ಇಲ್ಲಿಂದ ಮುಂದೆ ಖುಷಿಯ ಭಾಗ. ಬೆಳಕು ಎಡ ಮೇಲ್ಗಡೆಯಿಂದ ಓರೆಯಾಗಿ ಬೀಳುವಂತೆ ಒಂದು ಟೇಬಲ್ ಲ್ಯಾಂಪ್ ಇಟ್ಟುಕೊಂಡು, ಪಕ್ಕದಲ್ಲಿ ಮಿಲಿಮೀಟರ್ ಅಳತೆಪಟ್ಟಿಯಿಟ್ಟು ಎರಡೂ ಮುಖದ ಫೋಟೊ ತೆಗೆಯಿರಿ. ಅಂಚನ್ನೂ ಒಂದು ತೆಗೆಯಿರಿ. ಆಮೇಲೆ ಫೋಟೊವನ್ನು ದೊಡ್ಡದು ಮಾಡಿ ಓದಿದರೆ ನಾಣ್ಯ ಮತ್ತೆ ಮತ್ತೆ ಕೈಗೆ ಸಿಕ್ಕಿ ಸವೆಯುವುದಿಲ್ಲ.

ಮೊದಲು ಶಿಲುಬೆಯ ಮುಖ ನೋಡಿ. ಅಲ್ಲಿ ಶಿಲುಬೆಯ ಬದಲು ರೆಕ್ಕೆಯಿರುವ ವಿಜಯದೇವತೆ ಹಾರ ಹಿಡಿದು ನಡೆಯುತ್ತಿದ್ದರೆ ನಾಣ್ಯ ಬಹುಮಟ್ಟಿಗೆ ಆರನೇ ಶತಮಾನದ್ದು. ಆಗ ಫ್ರಾಂಕರು ತಮ್ಮ ಟಂಕಸಾಲೆಯಲ್ಲೇ ಅಚ್ಚು ಹಾಕಿದರೂ ಕಾನ್‌ಸ್ಟಾಂಟಿನೋಪಲ್ ಚಕ್ರವರ್ತಿಗಳ ಹೆಸರನ್ನೇ ಹಾಕುತ್ತಿದ್ದರು. ಅನಸ್ತೇಸಿಯಸ್, ಜಸ್ಟಿನ್, ಜಸ್ಟಿನಿಯನ್. ಚಿನ್ನದ ಮೇಲೆ ಚಕ್ರವರ್ತಿಯ ಮುಖವಿಲ್ಲದಿದ್ದರೆ ಪೇಟೆಯಲ್ಲಿ ನಂಬುವವರಿಲ್ಲ ಎಂಬ ಕಾಲ. (ಆ ಚಕ್ರವರ್ತಿಗಳ ಚಿನ್ನ ನಮ್ಮ ಕಡೆಗೂ ಬಂದಿದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲಿ ಬೈಜಾಂಟೈನ್ ಚಿನ್ನದ ನಾಣ್ಯಗಳಿದ್ದವು.) ಆ ಕಟ್ಟು ಮೊದಲು ಮುರಿದವನು 534ರಿಂದ 548ರವರೆಗೆ ಆಳಿದ ಥ್ಯೂಡೆಬರ್ಟ್. ಅವನು ಚಿನ್ನದ ಮೇಲೆ ತನ್ನದೇ ಹೆಸರು ಹಾಕಿಸಿದ. ಫ್ರಾಂಕ್ ದೊರೆಗಳ ಈ ಧಾರ್ಷ್ಟ್ಯದ ಬಗ್ಗೆ ಬೈಜಾಂಟೈನ್ ಇತಿಹಾಸಕಾರ ಪ್ರೊಕೊಪಿಯಸ್ ಮುನಿಸಿಕೊಂಡು ಬರೆದಿದ್ದಾನೆ.

ಸುಮಾರು 580ರ ನಂತರ ಆಟ ಬದಲಾಗುತ್ತದೆ. ಚಕ್ರವರ್ತಿಯೂ ಇಲ್ಲ, ಹೆಚ್ಚಿನ ನಾಣ್ಯಗಳಲ್ಲಿ ದೊರೆಯೂ ಇಲ್ಲ. ತಲೆಯ ಸುತ್ತ ಊರಿನ ಹೆಸರು, ಶಿಲುಬೆಯ ಸುತ್ತ ಅಚ್ಚು ಹಾಕಿದ ಟಂಕಕಾರನ ಹೆಸರು. ಕೆಲವೊಮ್ಮೆ ಅದಲುಬದಲು. ಹೀಗೆ ನೂರಾರು ಊರು, ಸಾವಿರಕ್ಕೂ ಮೀರಿದ ಟಂಕಕಾರರು ಗೊತ್ತಾಗಿದ್ದಾರೆ. ಎಷ್ಟೋ ಊರುಗಳು ಇಂದು ನಕ್ಷೆಯಲ್ಲಿ ಎಲ್ಲಿವೆ ಎಂದು ಹೇಳಲಾಗದಷ್ಟು ಚಿಕ್ಕವು. ರಾಜರ ಹೆಸರಿನ ಪಟ್ಟಿ ಬಾಯಿಪಾಠ ಮಾಡಿದವರಿಗೆ ನಿರಾಸೆಯಾಗಬಹುದು. ನನಗಂತೂ ದೊರೆಗಿಂತ ಟಂಕಕಾರನ ಹೆಸರು ಓದುವುದರಲ್ಲೇ ಹೆಚ್ಚು ಸೊಗಸು ಕಾಣುತ್ತದೆ.

ಓದಲು ಶುರು ಮಾಡುವುದು ನೆತ್ತಿಯಿಂದ. ಅಲ್ಲಿ ಪುಟ್ಟ ಶಿಲುಬೆಯಿದ್ದರೆ ಬರಹದ ಆರಂಭ ಅದೇ. ಪ್ರದಕ್ಷಿಣೆಯಾಗಿ ಬನ್ನಿ. ಊರಿನ ಹೆಸರಿನ ಕೊನೆಗೆ "ಫಿಟ್" ಎಂಬ ಮೂರು ರೋಮನ್ ಅಕ್ಷರ ಹುಡುಕಿ. ಲ್ಯಾಟಿನ್‌ನಲ್ಲಿ "ಮಾಡಲಾಯಿತು" ಎಂದರ್ಥ, ಅದು ಸಿಕ್ಕರೆ ಅದರ ಹಿಂದಿರುವುದು ಊರು. ಇನ್ನೊಂದು ಮುಖದಲ್ಲಿ "ಮೊನೆಟಾರಿಯುಸ್" (ಟಂಕಕಾರ ಎಂದರ್ಥ) ಎಂಬುದು ಪೂರ್ತಿಯಾಗಿ, ಅಥವಾ "ಮೊನೆಟ್", "ಮೊ" ಎಂದು ಮೊಟಕಾಗಿ ಇರುತ್ತದೆ. ಅದರ ಹಿಂದಿರುವುದು ಮನುಷ್ಯ. ಅಕ್ಷರಗಳು ಸೊಟ್ಟಗಿರುತ್ತವೆ: ಎಸ್ ಅಡ್ಡ ಮಲಗಿರುತ್ತದೆ, ಎ ಅಕ್ಷರದ ಅಡ್ಡಗೆರೆ ಮಾಯವಾಗಿರುತ್ತದೆ, ಸಿ ಚೌಕವಾಗಿರುತ್ತದೆ, ಓ ಎಂಬುದು ಬರೀ ಚುಕ್ಕಿಯೋ ವಜ್ರಾಕಾರವೋ ಆಗಿರುತ್ತದೆ. ಕೆಲವೊಮ್ಮೆ ಇಡೀ ಸಾಲೇ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಅಚ್ಚು ಕೊರೆದವನಿಗೆ ಓದು ಬರುತ್ತಿತ್ತೋ ಇಲ್ಲವೋ ಎಂಬ ಅನುಮಾನ ಪದೇ ಪದೇ ಬರುತ್ತದೆ.

ಇಂಗ್ಲೆಂಡಿನ ಹೊಲದಲ್ಲಿ ಸಿಗುವ ಸಾಧ್ಯತೆ ಹೆಚ್ಚಿರುವ ಕೆಲವು ಹೆಸರು ತಲೆಯಲ್ಲಿರಲಿ. "ವಿಕ್ಕೊ ಫಿಟ್" ಎಂದಿದ್ದರೆ ಅದು ಕ್ವೆಂಟೊವಿಕ್, ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ ಇಂಗ್ಲೆಂಡಿಗೆ ಹಡಗು ಬಿಡುತ್ತಿದ್ದ ಬಂದರು. ಅಲ್ಲಿನ ಟಂಕಕಾರ ದುಟ್ಟ ಎಂಬವನ ಹೆಸರು ಓದಲು ಸುಲಭ. "ಡೊರೆಸ್ಟಾಟ್ ಫಿಟ್" ಎಂದಿದ್ದು, ಹಿಂದೆ ಮೆಟ್ಟಿಲ ಮೇಲೆ ನಿಂತ ಶಿಲುಬೆಯ ಸುತ್ತ "ಮಡೆಲಿನುಸ್" ಎಂದಿದ್ದರೆ ರೈನ್ ನದಿಯ ಡೊರೆಸ್ಟಾಡ್ ಬಂದರಿನದು. ಈ ಮಡೆಲಿನುಸ್ ಮೊದಲು "ಟ್ರಿಯೆಕ್ಟೊ", ಅಂದರೆ ಮಾಸ್ಟ್ರಿಕ್ಟ್ ಊರಿನಲ್ಲಿದ್ದು ಆಮೇಲೆ ಡೊರೆಸ್ಟಾಡಿಗೆ ಹೋದವನು. ಎರಡೂ ಊರಿನ ಹೆಸರಿರುವ ನಾಣ್ಯಗಳಿಂದಲೇ ಅದು ಗೊತ್ತಾಗಿದ್ದು. ಅವನ ನಾಣ್ಯ ಎಷ್ಟು ಜನಪ್ರಿಯವಾಯಿತೆಂದರೆ ಫ್ರೀಸಿಯಾದ (ಈಗಿನ ನೆದರ್‌ಲೆಂಡ್ಸ್ ಕರಾವಳಿ) ಕಡೆಯವರು ಹೆಸರಿನ ಅಕ್ಷರವನ್ನೆಲ್ಲ ಕೆಡಿಸಿಕೊಂಡು ಅದನ್ನೇ ನಕಲು ಮಾಡಿದರು. ಆದ್ದರಿಂದ ಮಡೆಲಿನುಸ್ ಎಂದು ಅರೆಬರೆ ಕಂಡೊಡನೆ ತೀರ್ಮಾನಕ್ಕೆ ಬರಬೇಡಿ. "ಎಲಿಗಿ" ಎಂದು ಕಂಡರೆ ಕುರ್ಚಿಯಲ್ಲಿ ನೆಟ್ಟಗೆ ಕೂತುಕೊಳ್ಳಿ. ದೊರೆ ಡಾಗೊಬರ್ಟ್ ಮತ್ತು ಅವನ ಮಗನ ಕಾಲದಲ್ಲಿ ಅಕ್ಕಸಾಲಿಯೂ ಟಂಕಕಾರನೂ ಆಗಿದ್ದು, 641ರಲ್ಲಿ ನೊಯೊನ್ ಊರಿನ ಬಿಷಪ್ ಆದ ಸಂತ ಎಲಿಜಿಯಸ್ ಅವನು. ಯುರೋಪಿನ ಅಕ್ಕಸಾಲಿಗರಿಗೆ ಈಗಲೂ ಅವನೇ ಕುಲದೈವದಂತೆ.

ತಲೆ, ಶಿಲುಬೆ ಎರಡೂ ಇದ್ದು ಬರಹ ಮಾತ್ರ ಯಾವ ಊರಿಗೂ ಹೊಂದದಿದ್ದರೆ ಅದು ಇಂಗ್ಲೆಂಡಿನಲ್ಲೇ ಹುಟ್ಟಿದ ನಾಣ್ಯವಿರಬಹುದು. ಫ್ರಾಂಕರನ್ನು ನೋಡಿ ಕೆಂಟ್, ಲಂಡನ್, ಯಾರ್ಕ್‌ಗಳಲ್ಲಿ ಆಂಗ್ಲೊ-ಸ್ಯಾಕ್ಸನ್ನರೂ ಏಳನೇ ಶತಮಾನದಲ್ಲಿ ಇದೇ ಗಾತ್ರದ ಚಿನ್ನ ಅಚ್ಚು ಹಾಕಿದರು. 1828ರಲ್ಲಿ ಹ್ಯಾಂಪ್‌ಶೈರ್‌ನ ಕ್ರಾಂಡಲ್‌ನಲ್ಲಿ ಸಿಕ್ಕ ನಿಧಿಯಲ್ಲಿ ಈ ಎರಡೂ ಬಗೆ ಬೆರೆತೇ ಇದ್ದವು.

ತೂಕ ಮತ್ತು ಬಣ್ಣ

ನೂರನೇ ಒಂದು ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತದೆ. ತೂಗಿ ಬರೆದುಕೊಳ್ಳಿ. 1.5 ಗ್ರಾಂ ಹತ್ತಿರವಿದ್ದರೆ ಹಳೆಯ ರೋಮನ್ ತೂಕ, 1.3ರ ಹತ್ತಿರವಿದ್ದರೆ ಸುಮಾರು 580ರ ನಂತರ ಬಂದ ಕಡಿಮೆ ತೂಕ. ಒಂದು ಗ್ರಾಂಗಿಂತಲೂ ಕಡಿಮೆಯಿದ್ದು, ಅಂಚಿನಲ್ಲಿ ಹಸಿರು ಕಿಲುಬು ಇಣುಕುತ್ತಿದ್ದರೆ ತಾಮ್ರಕ್ಕೆ ಚಿನ್ನದ ಹೊದಿಕೆ ಕೊಟ್ಟ ಖೋಟಾ ನಾಣ್ಯವಿರಬಹುದು. ಆ ಕಾಲದಲ್ಲೇ ಆದ ಖೋಟಾ. ಅದನ್ನು ಎಸೆಯಬೇಡಿ, ಅದಕ್ಕೂ ಜಾಗದ ಸಮೇತ ದಾಖಲೆ ಬೇಕು.

ಬಣ್ಣವೂ ಕಾಲ ಹೇಳುತ್ತದೆ. ಏಳನೇ ಶತಮಾನ ಸಾಗಿದಂತೆ ಚಿನ್ನಕ್ಕೆ ಬೆಳ್ಳಿ ಬೆರೆಸುವುದು ಹೆಚ್ಚುತ್ತಾ ಹೋಗಿ, 670ರ ದಶಕದ ಹೊತ್ತಿಗೆ ಚಿನ್ನವೇ ನಿಂತು ಬೆಳ್ಳಿ ನಾಣ್ಯ ಬಂತು. ಆದ್ದರಿಂದ ಬಿಳಿಚಿಕೊಂಡ ನಾಣ್ಯ ಸಾಮಾನ್ಯವಾಗಿ ತಡವಾದದ್ದು. ಎಷ್ಟು ಪಾಲು ಚಿನ್ನ ಎಂದು ಮನೆಯಲ್ಲೇ ನೀರಿನಲ್ಲಿ ತೂಗಿ ಕಂಡುಹಿಡಿಯುತ್ತೇನೆ ಎನ್ನುವ ಉತ್ಸಾಹಿಗಳಿದ್ದಾರೆ. ಲೆಕ್ಕ ಹಾಕಿ ನೋಡಿ: ಗಾಳಿಯಲ್ಲಿ 1.28 ಗ್ರಾಂ, ನೀರಿನಲ್ಲಿ ಮುಳುಗಿಸಿದಾಗ 1.20 ಗ್ರಾಂ. ವ್ಯತ್ಯಾಸ 0.08, ಭಾಗಿಸಿದರೆ ಸಾಂದ್ರತೆ 16. ಶುದ್ಧ ಚಿನ್ನ 19.3, ಬೆಳ್ಳಿ 10.5, ಹಾಗಾಗಿ ಇದು ನೂರಕ್ಕೆ 75 ಚಿನ್ನ. ಈಗ ತಕ್ಕಡಿ ಒಂದೇ ಒಂದು ಕಡೇ ಅಂಕಿ ತಪ್ಪಿತು ಅನ್ನಿ. ವ್ಯತ್ಯಾಸ 0.09 ಆದರೆ ಚಿನ್ನ 57ಕ್ಕೆ ಇಳಿಯುತ್ತದೆ, 0.07 ಆದರೆ 93ಕ್ಕೆ ಏರುತ್ತದೆ. ನಾಣ್ಯಕ್ಕೆ ಅಂಟಿದ ಒಂದು ಗಾಳಿಗುಳ್ಳೆ ಇಷ್ಟು ಅನಾಹುತ ಮಾಡಬಲ್ಲದು. ಇದಕ್ಕೆ ಪ್ರಯೋಗಾಲಯವೇ ಬೇಕು. ಒರೆಗಲ್ಲಿಗೆ ಉಜ್ಜುವ ಅಕ್ಕಸಾಲಿಯ ಹತ್ತಿರವಂತೂ ಹೋಗಬಾರದು.

ಯಾರಿಗೆ ಹೇಳಬೇಕು

ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಎಂಬ ವ್ಯವಸ್ಥೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿದೆ. ಅದರ ಅಡಿಯಲ್ಲಿ ಪ್ರತಿ ಪ್ರದೇಶಕ್ಕೂ ಒಬ್ಬ ಫೈಂಡ್ಸ್ ಲಿಯಾಸನ್ ಆಫೀಸರ್ ಇರುತ್ತಾರೆ. ಡಿಟೆಕ್ಟರ್ ಹಿಡಿದವರ ಬಾಯಲ್ಲಿ ಬರೀ ಎಫ್‌ಎಲ್‌ಒ. ಎಲ್ಲಕ್ಕೂ ಮೊದಲ ಫೋನ್ ಅವರಿಗೇ. ಅವರು ನಾಣ್ಯ ಅಳೆದು, ಫೋಟೊ ತೆಗೆದು, ದಾಖಲಿಸಿ ಹಿಂತಿರುಗಿಸುತ್ತಾರೆ. ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ಮ್ಯೂಸಿಯಂ ಆ ಕಾಲದ ನಾಣ್ಯಗಳಿಗೆಂದೇ ಇಟ್ಟಿರುವ ಪಟ್ಟಿಯೂ ಇದೆ. ಜಾಗ ಬಹಿರಂಗವಾದರೆ ಕಳ್ಳರು ಬರುತ್ತಾರೆ ಎಂದು ಮಾಲೀಕರು ಹೆದರಿದರೆ ಹೇಳಿ: ಸಾರ್ವಜನಿಕರಿಗೆ ಕಾಣುವುದು ಕಿಲೋಮೀಟರ್ ಚೌಕದಷ್ಟು ಮಾತ್ರ, ನಿಖರ ಅಂಕಿ ಸಂಶೋಧಕರಿಗಷ್ಟೇ.

ಇನ್ನು ಕಾನೂನು. 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ ಬಿಡಿಯಾಗಿ ಸಿಕ್ಕ ಒಂದೇ ಒಂದು ಚಿನ್ನದ ನಾಣ್ಯ ಸಾಮಾನ್ಯವಾಗಿ "ನಿಧಿ"ಯಲ್ಲ. ಕೇಳಿದವರು ಬೆರಗಾಗುತ್ತಾರೆ, ಆದರೆ ಹಾಗೇ ಇದೆ. ಅದನ್ನು ಎಫ್‌ಎಲ್‌ಒಗೆ ತೋರಿಸುವುದು ಮರ್ಯಾದೆಯ ಪ್ರಶ್ನೆ, ಕಡ್ಡಾಯವಲ್ಲ. ಹಕ್ಕು ಮೊದಲು ಜಮೀನಿನ ಮಾಲೀಕರದು, ಆಮೇಲೆ ನಿಮ್ಮ ಕರಾರು ಪತ್ರ ಹೇಳಿದಂತೆ. ಚಿತ್ರ ಬದಲಾಗುವುದು ಎರಡು ಸಂದರ್ಭದಲ್ಲಿ. ಒಂದು, 300 ವರ್ಷಕ್ಕೂ ಹಳೆಯದಾದ, ನೂರಕ್ಕೆ ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ಚಿನ್ನ ಅಥವಾ ಬೆಳ್ಳಿಯಿರುವ ಎರಡು ಅಥವಾ ಹೆಚ್ಚು ನಾಣ್ಯ ಒಂದೇ ಗುಂಪಿನವಾಗಿದ್ದರೆ. ಎರಡು, ಒಂದೇ ನಾಣ್ಯವಾದರೂ ಅದಕ್ಕೆ ತೂತು ಕೊರೆದೋ ಕೊಂಡಿ ಬೆಸೆದೋ ಪದಕ ಮಾಡಿಕೊಂಡಿದ್ದರೆ, ಆಗ ಅದು ಒಡವೆ ಎಂಬ ಲೆಕ್ಕ. ಈ ಎರಡನೆಯದು ಅಪರೂಪವೇನಲ್ಲ. ಫ್ರಾಂಕ್ ರಾಜಕುಮಾರಿ ಬರ್ತಾ ಕೆಂಟ್‌ನ ದೊರೆಯನ್ನು ಮದುವೆಯಾಗಿ ಬಂದಾಗ ಜೊತೆಗೆ ಬಂದ ಬಿಷಪ್ ಲಿಯುಡ್‌ಹಾರ್ಡ್‌ನ ಹೆಸರಿರುವ ಚಿನ್ನದ ಬಿಲ್ಲೆ ಕ್ಯಾಂಟರ್ಬರಿಯಲ್ಲಿ ಸಿಕ್ಕಿದ್ದೂ ಕೊಂಡಿಯ ಸಮೇತ, ಕುತ್ತಿಗೆಗೆ ಹಾಕಿಕೊಳ್ಳುವ ಪದಕವಾಗಿಯೇ. ನಾಣ್ಯದ ಅಂಚಿನಲ್ಲಿ ತೂತು, ಬೆಸುಗೆಯ ಗುರುತು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಲೇಬೇಕು. 2023ರ ಜುಲೈ 30ರಿಂದ 200 ವರ್ಷ ದಾಟಿದ, ವಿಶೇಷ ಐತಿಹಾಸಿಕ ಮಹತ್ವದ ಲೋಹದ ವಸ್ತುಗಳೂ ನಿಧಿಯೆನಿಸಬಹುದು. ಅನುಮಾನವಿದ್ದರೆ ಎಫ್‌ಎಲ್‌ಒ ಹೇಳುತ್ತಾರೆ.

ನಿಧಿಯಾದರೆ 14 ದಿನದೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಸಿಕ್ಕ ದಿನದಿಂದ, ಅಥವಾ ಇದು ನಿಧಿಯಿರಬಹುದು ಎಂದು ನಿಮಗೆ ಅರಿವಾದ ದಿನದಿಂದ 14. ಎಫ್‌ಎಲ್‌ಒಗೆ ತಿಳಿಸಿದರೆ ಮುಂದಿನದನ್ನು ಅವರು ನಡೆಸಿಕೊಡುತ್ತಾರೆ. ಮುಚ್ಚಿಟ್ಟರೆ ಮೂರು ತಿಂಗಳವರೆಗೆ ಜೈಲು ಅಥವಾ ದಂಡ. ಆಮೇಲೆ ಯಾವುದಾದರೂ ಮ್ಯೂಸಿಯಂ ಬೇಕೆಂದರೆ ವಿಚಾರಣೆ ನಡೆದು, ತಜ್ಞರ ಸಮಿತಿ ಪೇಟೆ ಬೆಲೆ ಕಟ್ಟಿ, ಆ ಹಣ ಸಾಮಾನ್ಯವಾಗಿ ನಿಮಗೂ ಮಾಲೀಕರಿಗೂ ಸರಿಪಾಲಾಗುತ್ತದೆ. ಯಾವ ಮ್ಯೂಸಿಯಂಗೂ ಬೇಡವಾದರೆ ವಸ್ತು ನಿಮ್ಮ ಕೈಗೇ ವಾಪಸ್ಸು. ವರ್ಷಕ್ಕೂ ಮೀರಿ ಎಳೆಯಬಹುದು, ತಾಳ್ಮೆ ಬೇಕು.

ಹಿಂದೆ ಕಾನೂನು ಬೇರೆಯಿತ್ತು. 1939ರಲ್ಲಿ ಸಫೋಕ್‌ನ ಸಟನ್ ಹೂ ಎಂಬಲ್ಲಿನ ದಿಬ್ಬದ ಹಡಗು ಸಮಾಧಿಯಲ್ಲಿ ಒಂದು ಹಮ್ಮಿಣಿ ಸಿಕ್ಕಿತು. ಅದರಲ್ಲಿ ಫ್ರಾಂಕರ 37 ಟ್ರೆಮಿಸ್ಸಿಸ್, ಒಂದೊಂದೂ ಬೇರೆ ಬೇರೆ ಟಂಕಸಾಲೆಯದು, ಜೊತೆಗೆ ಅಚ್ಚೊತ್ತದ ಮೂರು ಖಾಲಿ ಬಿಲ್ಲೆ, ಎರಡು ಪುಟ್ಟ ಚಿನ್ನದ ಗಟ್ಟಿ. ಆಗಿನ ನಿಯಮದಂತೆ ಹೂತವರಿಗೆ ವಾಪಸ್ಸು ತೆಗೆಯುವ ಉದ್ದೇಶವಿದ್ದರೆ ಮಾತ್ರ ನಿಧಿ. ಸತ್ತವನ ಜೊತೆ ಇಟ್ಟದ್ದನ್ನು ಯಾರೂ ವಾಪಸ್ಸು ತೆಗೆಯುವುದಿಲ್ಲವಾದ್ದರಿಂದ ಎಲ್ಲವೂ ಜಮೀನಿನ ಒಡತಿ ಎಡಿತ್ ಪ್ರೆಟಿ ಅವರದೇ ಎಂದು ತೀರ್ಪಾಯಿತು. ಅವರು ಅಷ್ಟನ್ನೂ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟುಬಿಟ್ಟರು. ಈಗ ಉದ್ದೇಶ ಯಾರೂ ಕೇಳುವುದಿಲ್ಲ, ವಯಸ್ಸು ಮತ್ತು ಲೋಹ ಸಾಕು.

ಅದೇ ಹೊಲದಲ್ಲಿ ಇನ್ನೊಂದು ಸಿಕ್ಕರೆ

ಮೊದಲ ನಾಣ್ಯ ಬಿಡಿಯೆಂದು ದಾಖಲಾಗಿ, ಎರಡು ವರ್ಷದ ನಂತರ ಮೂವತ್ತು ಹೆಜ್ಜೆ ದೂರದಲ್ಲಿ ಇನ್ನೊಂದು ಸಿಕ್ಕಿತು ಅಂದುಕೊಳ್ಳಿ. ಈಗ ಎರಡೂ ಸೇರಿ ನಿಧಿಯಾಗಬಹುದು. ನೇಗಿಲು ಒಂದೇ ಗಂಟನ್ನು ವರ್ಷವರ್ಷವೂ ಎಳೆದು ಹರಡುತ್ತಾ ಹೋಗುತ್ತದೆ. ಮೊದಲನೆಯದರ ಹತ್ತು ಅಂಕಿ ಬರೆದಿಟ್ಟಿದ್ದರೆ ಮಾತ್ರ ಈ ಮಾತು ಸಾಬೀತಾಗುವುದು.

ಪಶ್ಚಿಮ ನಾರ್ಫೋಕ್ ನಿಧಿ ಬೆಳೆದದ್ದೇ ಹೀಗೆ. ಒಂದು ನಾಣ್ಯ 1991ರಲ್ಲಿ ಸಿಕ್ಕಿತ್ತು. ಉಳಿದವು 2014ರಿಂದ 2020ರವರೆಗೆ, ಬಹುತೇಕ ಒಬ್ಬರೇ ಹವ್ಯಾಸಿಗೆ, ಒಂದೊಂದಾಗಿ. ಕೊನೆಗೆ 131 ಚಿನ್ನದ ನಾಣ್ಯ, ನಾಲ್ಕು ಚಿನ್ನದ ವಸ್ತು. ಬಹುಪಾಲು ಫ್ರಾಂಕರ ಟ್ರೆಮಿಸ್ಸಿಸ್, ಒಂಬತ್ತು ಬೈಜಾಂಟೈನ್ ಸಾಲಿಡಸ್. 2021ರ ನವೆಂಬರಿನಲ್ಲಿ ಸುದ್ದಿ ಹೊರಬಿದ್ದಾಗ ಇಂಗ್ಲೆಂಡಿನಲ್ಲಿ ಸಿಕ್ಕ ಆ ಕಾಲದ ಚಿನ್ನದ ನಾಣ್ಯಗಳ ನಿಧಿಗಳಲ್ಲೆಲ್ಲ ಇದೇ ದೊಡ್ಡದು. ಸುಮಾರು 600ರಲ್ಲಿ, ಸಟನ್ ಹೂಗಿಂತ ತುಸು ಮುಂಚೆ ಹೂತದ್ದು. ಅದೇ ಹೊಲದಲ್ಲಿ ಹುಡುಕುತ್ತಿದ್ದ ಇನ್ನೊಬ್ಬ ಹತ್ತು ನಾಣ್ಯಗಳನ್ನು ಗುಟ್ಟಾಗಿ ಮಾರಲು ಹೋಗಿ ಸಿಕ್ಕಿಬಿದ್ದ. ಸ್ವತಃ ಪೊಲೀಸ್ ಅಧಿಕಾರಿ. 2017ರಲ್ಲಿ 16 ತಿಂಗಳ ಶಿಕ್ಷೆಯಾಯಿತು, ಕೆಲಸವೂ ಹೋಯಿತು. ನೆಟ್ಟಗೆ ಹೇಳಿದ್ದರೆ ಅವನಿಗೂ ಪಾಲು ಬರುತ್ತಿತ್ತು.

ಮಾರುವುದು, ಊರಿಗೆ ಒಯ್ಯುವುದು

ನಿಧಿಯಲ್ಲದ ಬಿಡಿ ನಾಣ್ಯ ಮಾರಬಹುದು. ಓದಲು ಬರುವ ಟ್ರೆಮಿಸ್ಸಿಸ್‌ಗೆ ಹರಾಜಿನಲ್ಲಿ ಸಾವಿರ ಪೌಂಡು ದಾಟುವುದು ಮಾಮೂಲು, ಅಪರೂಪದ ಊರಾದರೆ ಹಲವು ಪಟ್ಟು. ಪೋರ್ಟಬಲ್ ಆ್ಯಂಟಿಕ್ವಿಟೀಸ್ ದಾಖಲೆ ಸಂಖ್ಯೆಯನ್ನು ಕೊಳ್ಳುವವರಿಗೆ ಕೊಡಿ. ಅದಿದ್ದರೆ ನಾಣ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ. ಮನೆಯಲ್ಲೇ ಇಟ್ಟುಕೊಳ್ಳುವವರು ಗಟ್ಟಿ ಡಬ್ಬಿಯಲ್ಲಿ ಮೆತ್ತನೆ ಫೋಮ್ ಹಾಕಿ, ದಾಖಲೆಯ ಚೀಟಿಯನ್ನೂ ಅದರಲ್ಲೇ ಇಡಿ.

ಅಜ್ಜಿಗೆ ತೋರಿಸಿ ಬರೋಣ ಎಂದು ನಾಣ್ಯವನ್ನು ಪರ್ಸಿಗೆ ಹಾಕಿಕೊಂಡು ಹೀಥ್ರೂಗೆ ಹೋಗುವ ಹಾಗಿಲ್ಲ. ಬ್ರಿಟನ್ನಿನ ನೆಲದಲ್ಲಿ ಸಿಕ್ಕ, 50 ವರ್ಷಕ್ಕೂ ಹಳೆಯದಾದ ಪುರಾತತ್ವ ವಸ್ತು ಎಷ್ಟೇ ಅಗ್ಗದ್ದಾಗಿರಲಿ, ದೇಶದಿಂದ ಹೊರಗೆ ಒಯ್ಯಲು ರಫ್ತು ಪರವಾನಗಿ ಬೇಕು. ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಅದನ್ನು ಕೊಡುತ್ತದೆ. ನಾಣ್ಯದ ಮೂಲ, ಮಾಲೀಕತ್ವದ ಪತ್ರ ಎಲ್ಲ ಕೇಳುತ್ತಾರೆ. ಅಷ್ಟೆಲ್ಲ ರಗಳೆ ಬೇಡವಾದರೆ ಎರಡೂ ಮುಖದ ಒಳ್ಳೆಯ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಅಜ್ಜಿಗೆ ಕನ್ನಡಕ ಹಾಕಿಕೊಂಡರೂ ಹದಿಮೂರು ಮಿಲಿಮೀಟರಿನ ನಾಣ್ಯದ ಮೇಲಿನ ಅಕ್ಷರ ಕಾಣುವುದಿಲ್ಲ, ಪ್ರಿಂಟಿನಲ್ಲಿ ಕಾಣುತ್ತದೆ.